ಧೈರ್ಯ ಬೇಡದ ಸೈಕಲ್ ಸವಾರಿ

ಬೆಂಗಳೂರಿನಲ್ಲಿ ಸೈಕಲ್ ಹೊಡೆದುಕೊಂಡು ಆಫೀಸಿಗೆ ಹೋಗುತ್ತೇನೆ ಅಂದರೆ ಎದುರಿಗಿದ್ದವರ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು ಒಂದೇ: "ನಿಮಗೆ ಧೈರ್ಯ ಜಾಸ್ತಿ ಬಿಡಿ." ಆ ಮಾತು ಕೇಳಿ ನನಗೆ ಖುಷಿಯಾಗುತ್ತಿತ್ತು. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿಗೂ ಡಿವೈಡರಿಗೂ ನಡುವೆ ಉಳಿದ ಒಂದು ಮೊಳ ಜಾಗದಲ್ಲಿ ನುಸುಳಿ ಹೊರಬರುವುದು ಸುಮ್ನೆ ಬರುವ ವಿದ್ಯೆ ಅಲ್ಲ. ಭಾನುವಾರ ಬೆಳಗಿನ ಜಾವ ಎದ್ದು, ಕತ್ತಲಲ್ಲಿ ಬಳ್ಳಾರಿ ರಸ್ತೆಯ ಲಾರಿಗಳ ಪಕ್ಕದಲ್ಲೇ ನಂದಿ ಬೆಟ್ಟಕ್ಕೆ ಹೋಗುತ್ತಿದ್ದೆ. ಸೈಕಲ್ ಅಂದರೆ ಕಾಲಿನ ಬಲ ಅರ್ಧ, ಗುಂಡಿಗೆಯ ಬಲ ಅರ್ಧ ಅಂತಲೇ ನಂಬಿದ್ದೆ.

ಕೆಲಸದ ಮೇಲೆ ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ನಗರಕ್ಕೆ ಹೊರಟಾಗ ಗೆಳೆಯರು ನನಗಿಂತ ಜಾಸ್ತಿ ಸಂಭ್ರಮಪಟ್ಟರು. ಯಾಕೆ ಅಂತ ಹೇಳಬೇಕಾಗಿಲ್ಲ. ಆ ದೇಶದಲ್ಲಿ ಜನ ಸುಮಾರು 1.8 ಕೋಟಿ, ಸೈಕಲ್‌ಗಳು ಅದಕ್ಕಿಂತ ಜಾಸ್ತಿ. ಜಗತ್ತಿನ ಹೆಸರಾಂತ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ 2015ರಲ್ಲಿ ಶುರುವಾಗಿದ್ದು ಇದೇ ಊರಿಂದ. 2022ರಲ್ಲಿ ಸ್ಪೇನಿನ ವುಯೆಲ್ಟಾ ರೇಸ್ ಕೂಡ ಇಲ್ಲಿಂದಲೇ ಹೊರಟಿತ್ತು. ನನ್ನ ರೇಸ್ ಸೈಕಲ್ಲನ್ನು ಬಿಚ್ಚಿ, ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಬಟ್ಟೆಗಿಂತ ಜೋಪಾನವಾಗಿ ತಂದೆ.

ಬಂದು ನೋಡಿದರೆ ಇಲ್ಲಿ ಯಾರೂ ಸೈಕಲ್ ಬಗ್ಗೆ ಮಾತೇ ಆಡುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ನಗರದ ನಡುವಿನ ಫ್ರೇಡೆನ್‌ಬುರ್ಖ್ ಚೌಕದ ಪಕ್ಕ ನಿಂತರೆ ಸಾಲು ಸಾಲು ಸೈಕಲ್ ಹರಿಯುತ್ತಲೇ ಇರುತ್ತವೆ. ಸೂಟು ಹಾಕಿದವರು, ತುಂಬು ಬಸುರಿಯರು, ಎಪ್ಪತ್ತು ದಾಟಿದ ಅಜ್ಜಿಯರು, ಮುಂದಿನ ಮರದ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನೂ ಒಂದು ನಾಯಿಯನ್ನೂ ಕೂರಿಸಿಕೊಂಡ ಅಪ್ಪಂದಿರು. ಹೆಲ್ಮೆಟ್ ಯಾರ ತಲೆಯ ಮೇಲೂ ಇಲ್ಲ. ಹತ್ತು ವರ್ಷದ ಹುಡುಗಿ ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡು ಒಬ್ಬಳೇ ಹೋಗುತ್ತಾಳೆ. ಅವಳ ಮುಖದಲ್ಲಿ ಧೈರ್ಯವೂ ಕಾಣುವುದಿಲ್ಲ, ಭಯವೂ ಕಾಣುವುದಿಲ್ಲ. ಹೋಮ್‌ವರ್ಕ್ ನೆನಪಿಸಿಕೊಳ್ಳುತ್ತಿದ್ದಾಳೆ ಅನ್ನಿಸುತ್ತದೆ. ಇಷ್ಟು ವರ್ಷ ನಾನು ಅಷ್ಟೊಂದು ಹೆಮ್ಮೆಪಟ್ಟುಕೊಂಡಿದ್ದ ಗುಣಕ್ಕೆ ಈ ಊರಿನಲ್ಲಿ ಕೆಲಸವೇ ಇಲ್ಲ. ಇದನ್ನು ಅರಗಿಸಿಕೊಳ್ಳಲು ನನಗೆ ಸಾಕಷ್ಟು ಕಾಲ ಬೇಕಾಯಿತು.

ನಾನು ವಿಜಯಪುರದ ಕಡೆಯವನು. ನಮ್ಮ ಕಡೆ ಸೈಕಲ್ ಬರೀ ಓಡಾಟದ ಸಾಮಾನಲ್ಲ. ಜಾತ್ರೆಯಲ್ಲಿ ಕುಸ್ತಿ ಇದ್ದ ಹಾಗೆ ಸೈಕಲ್ ರೇಸೂ ಇರುತ್ತದೆ. ವಿಜಯಪುರ, ಬಾಗಲಕೋಟೆ ಸೀಮೆಯ ಹಳ್ಳಿಗಳಿಂದ ಎಷ್ಟೋ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವನು ನಾನು. ಆಗಿನಿಂದಲೂ ನನಗೆ ಸೈಕಲ್ ಅಂದರೆ ಯಾರನ್ನಾದರೂ ಹಿಂದೆ ಹಾಕುವುದು. ಗಾಳಿಯನ್ನು, ಗೆಳೆಯನನ್ನು, ಆಮೇಲೆ ಬೆಂಗಳೂರಿನಲ್ಲಿ ಟ್ರಾಫಿಕ್ಕನ್ನು.

ಇಲ್ಲಿ ಮೊದಲು ಕೊಂಡಿದ್ದು ಒಂದು ಹಳೆಯ ಕಪ್ಪು ಸೈಕಲ್. ನೆಟ್ಟಗೆ ಕೂತು ಹೊಡೆಯುವಂಥದ್ದು. ಗೇರ್ ಇಲ್ಲ. ಚೈನಿಗೆ ಪೂರ್ತಿ ಮುಚ್ಚಳ ಇದೆ, ಹಾಗಾಗಿ ಪ್ಯಾಂಟಿಗೆ ಗ್ರೀಸ್ ಹತ್ತುವುದಿಲ್ಲ. ಬ್ರೇಕ್ ಕೈಯಲ್ಲಿ ಇಲ್ಲ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಗಾಡಿ ನಿಲ್ಲುತ್ತದೆ. ಹಿಂದಿನ ಚಕ್ರಕ್ಕೆ ಬಳೆ ಬೀಗ, ಅದರ ಮೇಲೆ ದಪ್ಪ ಸರಪಳಿ. ಇಲ್ಲಿ ಕಳ್ಳತನ ಜಾಸ್ತಿ, ಸರಪಳಿಯ ಬೆಲೆಯಲ್ಲಿ ಜಿಪುಣತನ ಮಾಡಬಾರದು ಅಂತ ಅಂಗಡಿಯವರೇ ಹೇಳಿದರು. ಈ ಸೈಕಲ್ಲಿನಲ್ಲಿ ಜೋರಾಗಿ ಹೋಗಲು ಆಗುವುದೇ ಇಲ್ಲ. ಅದನ್ನು ಮಾಡಿರುವುದು ಅದಕ್ಕಲ್ಲ. ತರಕಾರಿ, ಮಳೆಯ ಕೋಟು, ಅಪರೂಪಕ್ಕೆ ಒಂದು ಕುರ್ಚಿ, ಎಲ್ಲವನ್ನೂ ಹೊತ್ತು ತರುತ್ತದೆ.

ಕಲಿಯಬೇಕಾದ್ದು ಬೇಕಾದಷ್ಟಿತ್ತು. ಮೊದಲನೆಯದು, ರಸ್ತೆಯ ಬಲಗಡೆ ಹೋಗುವುದು. ತಿರುಗಿ ನೋಡುವ ಹೆಗಲೇ ಬದಲಾಗಬೇಕು. ರಸ್ತೆಯ ಮೇಲೆ ಸಾಲಾಗಿ ಬಿಳಿ ತ್ರಿಕೋನಗಳನ್ನು ಬರೆದಿರುತ್ತಾರೆ, ಶಾರ್ಕ್ ಹಲ್ಲು ಅನ್ನುತ್ತಾರೆ ಅದಕ್ಕೆ. ಹಲ್ಲಿನ ಮೊನೆ ನಿನ್ನ ಕಡೆ ಇದ್ದರೆ ನೀನು ಬೇರೆಯವರಿಗೆ ದಾರಿ ಬಿಡಬೇಕು. ಅಂಥ ಗುರುತು ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ, ಅವರು ಸೈಕಲ್ಲಿನಲ್ಲಿ ಇರಲಿ ಕಾರಿನಲ್ಲಿ ಇರಲಿ. ತಿರುಗುವ ಮೊದಲು ಕೈ ಚಾಚಬೇಕು. ಕತ್ತಲಾದರೆ ಮುಂದೆ ಬಿಳಿ ಅಥವಾ ಹಳದಿ ದೀಪ, ಹಿಂದೆ ಕೆಂಪು. ಸೈಕಲ್ ಹೊಡೆಯುತ್ತಾ ಫೋನ್ ಕೈಯಲ್ಲಿ ಹಿಡಿಯುವುದು 2019ರ ಜುಲೈಯಿಂದ ನಿಷಿದ್ಧ, ದಂಡ ಬೀಳುತ್ತದೆ.

ಈ ನಿಯಮಗಳ ಪಟ್ಟಿ ಒಂದು ವಾರದಲ್ಲಿ ಬಾಯಿಪಾಠವಾಗುತ್ತದೆ. ಕಷ್ಟವಾದದ್ದು ಅದರ ಹಿಂದಿನ ನಂಬಿಕೆ. ಎದುರಿನ ಕಾರಿನವನು ನಿಂತೇ ನಿಲ್ಲುತ್ತಾನೆ ಅಂತ ನಂಬಿ ಮುಂದೆ ಹೋಗಬೇಕು. ನಾನು ಹಿಂಜರಿದು ನಿಂತರೆ ಹಿಂದೆ ಬರುವ ಹತ್ತು ಜನಕ್ಕೆ ತೊಂದರೆ. ಬೆಂಗಳೂರಿನಲ್ಲಿ ನಾನು ಪ್ರತಿ ಗಾಡಿಯನ್ನೂ ಶತ್ರು ಅಂದುಕೊಂಡೇ ಬದುಕಿ ಉಳಿದಿದ್ದೆ. ಇಲ್ಲಿ ಅದೇ ಅಭ್ಯಾಸ ನನ್ನನ್ನು ಅಪಾಯದ ಮನುಷ್ಯನನ್ನಾಗಿ ಮಾಡುತ್ತದೆ, ಯಾಕೆಂದರೆ ನಾನು ಮುಂದೆ ಏನು ಮಾಡುತ್ತೇನೆ ಅಂತ ಬೇರೆಯವರಿಗೆ ತಿಳಿಯುವುದಿಲ್ಲ. ಈ ನಂಬಿಕೆಯ ಬೆನ್ನಿಗೆ ಕಾನೂನೂ ನಿಂತಿದೆ. ಕಾರು ಸೈಕಲ್ಲಿಗೆ ಬಡಿದು ನಷ್ಟವಾದರೆ ಸಾಮಾನ್ಯವಾಗಿ ಅರ್ಧದಷ್ಟಾದರೂ ಹೊಣೆ ಕಾರಿನವರದ್ದು. ಸೈಕಲ್ಲಿನಲ್ಲಿ ಇದ್ದದ್ದು 14 ವರ್ಷದೊಳಗಿನ ಮಗುವಾದರೆ ಬಹುತೇಕ ಪೂರ್ತಿ ಹೊಣೆ ಅವರದ್ದೇ. ಭಾರದ ಗಾಡಿ ಓಡಿಸುವವನಿಗೆ ಭಾರದ ಜವಾಬ್ದಾರಿ. ಇದು ನನಗೆ ಬಹಳ ನ್ಯಾಯವಾಗಿ ಕಂಡಿತು.

ಶಾಲೆಯಲ್ಲೇ ಮಕ್ಕಳಿಗೆ ಇದನ್ನೆಲ್ಲ ಕಲಿಸುತ್ತಾರೆ. ಹನ್ನೊಂದು, ಹನ್ನೆರಡು ವರ್ಷದ ಹೊತ್ತಿಗೆ ಟ್ರಾಫಿಕ್ ಪರೀಕ್ಷೆ ಇರುತ್ತದೆ. ಬರೆಯುವುದಷ್ಟೇ ಅಲ್ಲ, ನಿಜವಾದ ರಸ್ತೆಯಲ್ಲಿ ಎದೆಗೆ ನಂಬರ್ ಕಟ್ಟಿಕೊಂಡು ಸೈಕಲ್ ಹೊಡೆದು ತೋರಿಸಬೇಕು. ವಸಂತದಲ್ಲಿ ಒಮ್ಮೆ ದಾರಿಯಲ್ಲಿ ಆ ಮಕ್ಕಳ ಗುಂಪು ಸಿಕ್ಕಿತು. ಮೂಲೆ ಮೂಲೆಯಲ್ಲಿ ಅಪ್ಪ ಅಮ್ಮಂದಿರು ಕಾಗದ ಹಿಡಿದು ಅಂಕ ಹಾಕುತ್ತಿದ್ದರು. ಯಾರು ಮೊದಲು ಬಂದರು ಅನ್ನುವುದಕ್ಕೆ ಅಂಕವೇ ಇಲ್ಲ. ಹಿಂದೆ ತಿರುಗಿ ನೋಡಿದರಾ, ಕೈ ತೋರಿಸಿದರಾ, ಬೇರೆಯವರಿಗೆ ದಾರಿ ಬಿಟ್ಟರಾ, ಅಷ್ಟೇ. ನಮ್ಮೂರ ಜಾತ್ರೆಯ ರೇಸಿನಲ್ಲಿ ಬೆಳೆದವನಿಗೆ ಇದು ಬೇರೆಯದೇ ಲೋಕ.

ಇಲ್ಲಿನ ರೈಲು ನಿಲ್ದಾಣದ ಕೆಳಗಿನ ಸೈಕಲ್ ನಿಲ್ದಾಣದ ಬಗ್ಗೆ ಹೇಳದೆ ಇರಲಾರೆ. 2019ರಲ್ಲಿ ಪೂರ್ತಿಯಾಯಿತು. ಮೂರು ಅಂತಸ್ತು, 12,500 ಸೈಕಲ್ಲಿಗೆ ಜಾಗ. ಸೈಕಲ್ ಮೇಲೆ ಕೂತುಕೊಂಡೇ ಒಳಗೆ ಹೋಗಬಹುದು. ಯಾವ ಸಾಲಿನಲ್ಲಿ ಎಷ್ಟು ಜಾಗ ಖಾಲಿ ಇದೆ ಅಂತ ಬೋರ್ಡಿನಲ್ಲಿ ಅಂಕಿ ಹೊಳೆಯುತ್ತದೆ. ನಿಲ್ಲಿಸಿ, ಮೆಟ್ಟಿಲು ಹತ್ತಿದರೆ ರೈಲು. ಜನ ಅದನ್ನು ನೋಡಲು ಕ್ಯಾಮೆರಾ ಹಿಡಿದು ಬರುತ್ತಾರೆ. ದಿನಾ ಬಳಸುವವರಿಗೆ ಅದು ಗೋಡೆಯ ಮೇಲಿನ ಗಡಿಯಾರದಷ್ಟೇ ಮಾಮೂಲು.

ಡಚ್ಚರು ಹುಟ್ಟಾ ಸೈಕಲ್ ಜನ, ಅವರ ರಕ್ತದಲ್ಲೇ ಇದೆ ಅಂತ ನಮ್ಮಲ್ಲಿ ಹೇಳುವುದುಂಟು. ನಾನೂ ಹಾಗೇ ಅಂದುಕೊಂಡಿದ್ದೆ. ಇತಿಹಾಸ ಬೇರೆ ಹೇಳುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲೂ ಕೈಯಲ್ಲಿ ದುಡ್ಡು ಬಂತು, ಕಾರು ಬಂತು. ರಸ್ತೆ ಅಗಲ ಮಾಡಲು ಮನೆಗಳನ್ನು ಕೆಡವಿದರು, ಚೌಕಗಳು ಕಾರು ನಿಲ್ಲಿಸುವ ಜಾಗವಾದವು. 1971ರಲ್ಲಿ ಈ ಸಣ್ಣ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 3,000ಕ್ಕೂ ಜಾಸ್ತಿ. ಅವರಲ್ಲಿ ಮಕ್ಕಳೇ 400ಕ್ಕಿಂತ ಜಾಸ್ತಿ. ಮಗಳನ್ನು ಹಾಗೆ ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಅನ್ನುವ ಪತ್ರಕರ್ತರು 1972ರಲ್ಲಿ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ತಲೆಬರಹವೇ "ಮಕ್ಕಳ ಕೊಲೆ ನಿಲ್ಲಿಸಿ" ಅಂತ. ಅದೇ ಹೆಸರಿನಲ್ಲಿ ಚಳವಳಿ ಹುಟ್ಟಿತು. ತಾಯಂದಿರು, ತಂದೆಯಂದಿರು ಮಕ್ಕಳನ್ನು ಕರೆದುಕೊಂಡು ಬೀದಿಗೆ ಬಂದರು. ರಸ್ತೆ ಅಡ್ಡಗಟ್ಟಿ ಅಲ್ಲೇ ಊಟದ ಮೇಜು ಹಾಕಿದರು. ಸಂಸತ್ತಿನ ಬಾಗಿಲಿಗೂ ಹೋದರು. 1973ರಲ್ಲಿ ಎಣ್ಣೆಯ ಬಿಕ್ಕಟ್ಟು ಬಂತು. ಆ ನವೆಂಬರ್‌ನಿಂದ ಕೆಲವು ಭಾನುವಾರ ಕಾರು ಹೊರಗೆ ತೆಗೆಯುವ ಹಾಗೇ ಇರಲಿಲ್ಲ. ಖಾಲಿ ಹೆದ್ದಾರಿಗಳಲ್ಲಿ ಜನ ಸೈಕಲ್ ಹೊಡೆದರು, ಸ್ಕೇಟಿಂಗ್ ಮಾಡಿದರು. ಊರು ಹೀಗೂ ಇರಬಹುದಲ್ವಾ ಅಂತ ಅವರ ಕಣ್ಣಿಗೇ ಕಂಡಿತು. 1975ರಲ್ಲಿ ಸೈಕಲ್ ಸವಾರರ ಸಂಘ ಹುಟ್ಟಿತು. ಅಲ್ಲಿಂದ ಮುಂದೆ ಸೈಕಲ್ಲಿಗೆಂದೇ ಮಾಡಿದ ಕೆಂಪು ಡಾಂಬರಿನ ದಾರಿಗಳು ಒಂದೊಂದಾಗಿ, ವರ್ಷಗಟ್ಟಲೆ ಜಗಳವಾಡಿ ಬಂದಂಥವು.

ಯುಟ್ರೆಕ್ಟ್‌ನಲ್ಲಿ ಈ ಜಗಳದ ಗುರುತನ್ನು ಕಣ್ಣಾರೆ ನೋಡಬಹುದು. ಹಳೆಯ ಪೇಟೆಯನ್ನು ಸುತ್ತುವರಿದ ಕಾಲುವೆಯ ಒಂದು ಭಾಗದಲ್ಲಿ 1970ರ ದಶಕದಲ್ಲಿ ನೀರು ಖಾಲಿ ಮಾಡಿ, ಅದರೊಳಗೆ ಹೆದ್ದಾರಿ ಹಾಕಿದ್ದರು. 2002ರಲ್ಲಿ ಊರಿನ ಜನರ ಮತ ಕೇಳಿದರು. ಜನ ನೀರು ಬೇಕು ಅಂದರು. 2020ರ ಸೆಪ್ಟೆಂಬರ್‌ನಲ್ಲಿ ಆ ರಸ್ತೆ ಹೋಗಿ ಮತ್ತೆ ಕಾಲುವೆ ಬಂತು. ಮತ ಹಾಕಿದ ಮೇಲೆ ಹದಿನೆಂಟು ವರ್ಷ ಕಾದಿದ್ದಾರೆ! ಸಂಜೆ ಅದರ ದಂಡೆಯ ಮೇಲೆ ಹೋಗುವಾಗ ಕೆಳಗೆ ದೋಣಿಗಳು ಕಾಣುತ್ತವೆ. ಕಾರುಗಳು ಓಡುತ್ತಿದ್ದ ಜಾಗ ಅದು. ಆ ದಾರಿಯಲ್ಲಿ ನಾನು ಯಾವಾಗಲೂ ಸ್ವಲ್ಪ ನಿಧಾನ ಮಾಡುತ್ತೇನೆ.

ಈ ಊರಿನಲ್ಲಿ ಒಂದು ಸೇತುವೆಯೂ ಇದೆ. ಓಟಗಾರ್ತಿ ಡಾಫ್ನೆ ಸ್ಕಿಪ್ಪರ್ಸ್ ಈ ಊರಿನ ಮಗಳು, 200 ಮೀಟರ್ ಓಟದಲ್ಲಿ ಎರಡು ಸಲ ವಿಶ್ವ ಚಾಂಪಿಯನ್. ಅವರ ಹೆಸರಿನ ಸೇತುವೆ 2017ರಲ್ಲಿ ತೆರೆಯಿತು. ದೊಡ್ಡ ಕಾಲುವೆ ದಾಟಲು ಸೈಕಲ್ಲಿಗೂ ನಡೆಯುವವರಿಗೂ ಮಾತ್ರ. ಮೇಲೇರುವ ದಾರಿ ಒಂದು ಶಾಲೆಯ ಮಾಳಿಗೆಯ ಮೇಲಿಂದಲೇ ಸುತ್ತಿಕೊಂಡು ಹೋಗುತ್ತದೆ. ಜಾಗ ಕಡಿಮೆ ಇತ್ತು, ಹಾಗಾಗಿ ಶಾಲೆ, ತೋಟ, ಸೇತುವೆ ಮೂರನ್ನೂ ಒಟ್ಟಿಗೆ ಕಟ್ಟಿದರು.

ಇನ್ನು ಗಾಳಿ. ಇದರ ಬಗ್ಗೆ ಬರೆಯಲು ಕೂತರೆ ನನಗೆ ಮುಗಿಯುವುದಿಲ್ಲ. ಇಲ್ಲಿ ಬೆಟ್ಟ ಇಲ್ಲ, ಗಾಳಿಯೇ ಬೆಟ್ಟ. ಅದಕ್ಕೆ ಇಳಿಜಾರೂ ಇಲ್ಲ. ಹೋಗುವಾಗ ಎದುರುಗಾಳಿ, ಬರುವಾಗ ದಿಕ್ಕು ಬದಲಾಯಿಸಿ ಮತ್ತೆ ಎದುರುಗಾಳಿ. ಬೆಂಗಳೂರಿನ ಗೆಳೆಯರು ಇಲ್ಲಿಗೆ ಬಂದರೆ ಸುಸ್ತಾಗುತ್ತಾರೆ. ನನಗೆ ಮಾತ್ರ ಇದು ಹಳೆಯ ಪರಿಚಯ. ಎರೆಭೂಮಿಯ ಬಯಲಿನಲ್ಲಿ ಮರ ಇಲ್ಲದ ಅಥಣಿ ರಸ್ತೆಯಲ್ಲಿ ಆಷಾಢದ ಗಾಳಿಗೆ ಎದೆ ಕೊಟ್ಟು ಸೈಕಲ್ ಹೊಡೆದವರಿಗೆ ಮೈಯೇ ಬಗ್ಗುತ್ತದೆ, ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ಹವಾಮಾನ ಇಲಾಖೆ ಇರುವುದು ನಮ್ಮ ಪಕ್ಕದ ಡೆ ಬಿಲ್ಟ್ ಊರಿನಲ್ಲಿ. ಆ ಊರಿನ ಮೇಲೆ ಹಾದು ಹೋಗುವಾಗ ಇವತ್ತಿನ ಗಾಳಿಯ ಲೆಕ್ಕ ಹಾಕುವವರು ಇಲ್ಲೇ ಕೂತಿದ್ದಾರೆ ಅಂತ ನೆನಪಾಗುತ್ತದೆ. ಎದುರುಗಾಳಿಗಾಗಿಯೇ ಒಂದು ರಾಷ್ಟ್ರೀಯ ಸ್ಪರ್ಧೆ ಇಲ್ಲಿದೆ, ಗೊತ್ತಾ? ಬಿರುಗಾಳಿ ಬರುವ ಸೂಚನೆ ಸಿಕ್ಕ ಮೇಲೆಯೇ ದಿನ ಗೊತ್ತು ಮಾಡುತ್ತಾರೆ. ಸಮುದ್ರಕ್ಕೆ ಕಟ್ಟಿದ ಓಸ್ಟರ್‌ಸ್ಖೆಲ್ಡೆ ತಡೆಗೋಡೆಯ ಮೇಲೆ, ಗೇರ್ ಇಲ್ಲದ ಮಾಮೂಲು ಸೈಕಲ್ಲಿನಲ್ಲಿ 8.5 ಕಿ.ಮೀ. ಒಮ್ಮೆ ಅದರಲ್ಲಿ ಭಾಗವಹಿಸಬೇಕು ಅನ್ನುವ ಆಸೆ ನನಗೆ ಗಟ್ಟಿಯಾಗಿದೆ.

ಗಾಳಿಯ ದೆಸೆಯಿಂದಲೇ ನನಗೆ ಇಲ್ಲಿ ಗೆಳೆಯರು ಸಿಕ್ಕರು. ಭಾನುವಾರ ಬೆಳಿಗ್ಗೆ ರೇಸ್ ಸೈಕಲ್ಲಿನ ಒಂದು ಗುಂಪಿನ ಜೊತೆ ಹೋಗಲು ಶುರುಮಾಡಿದೆ. ಈ ಗುಂಪಿನಲ್ಲಿ ಎಲ್ಲರ ತಲೆಯ ಮೇಲೂ ಹೆಲ್ಮೆಟ್ ಇರುತ್ತದೆ. ಅಡ್ಡಗಾಳಿ ಬೀಸಿದಾಗ ಸಾಲು ಓರೆಯಾಗುತ್ತದೆ, ಒಬ್ಬರ ಮರೆಯಲ್ಲಿ ಇನ್ನೊಬ್ಬರು. ಮುಂದಿನವರು ದಣಿದು ಹಿಂದೆ ಸರಿಯುತ್ತಾರೆ, ಮುಂದಿನ ಸರದಿ ನಿನ್ನದು. ದಾರಿಯ ನಡುವೆ ನೆಟ್ಟ ಗೂಟ ಬಂದರೆ ಮುಂದಿನವರು "ಪಾಲ್ಟ್ಯೆ!" ಅಂತ ಕೂಗುತ್ತಾರೆ. ಆ ಕೂಗನ್ನು ಹಿಂದಿನ ಪ್ರತಿಯೊಬ್ಬರೂ ಇನ್ನೂ ಹಿಂದಕ್ಕೆ ಕೂಗಿ ದಾಟಿಸಬೇಕು. ಡಚ್ ಭಾಷೆಯಲ್ಲಿ ನಾನು ಕೈಕೆಲಸದ ಹಾಗೆ ಸರಾಗವಾಗಿ ಬಳಸಲು ಕಲಿತ ಮೊದಲ ಪದಗಳು ಇಂಥವೇ. ನಡುವೆ ಒಂದು ಕಡೆ ನಿಂತು ಕಾಫಿ, ಸೇಬಿನ ಕೇಕು. ಈ ಜನ ಮನೆಗೆ ಕರೆಯುವುದು ನಿಧಾನ. ಆದರೆ ಒಂದೇ ಗಾಳಿಯಲ್ಲಿ ಒಟ್ಟಿಗೆ ದಣಿದವರ ಹತ್ತಿರ ಮಾತು ತಾನಾಗಿ ಬರುತ್ತದೆ.

ನಂದಿಯ ನೆನಪು ಬರುವುದಿಲ್ಲ ಅಂತ ಹೇಳಲಾರೆ. ಈ ಪ್ರಾಂತ್ಯದ ಅತಿ ಎತ್ತರದ ಜಾಗ ಆಮೆರೊಂಗೆನ್ ಊರಿನ ಹತ್ತಿರದ ಗುಡ್ಡ. ಎತ್ತರ 69 ಮೀಟರ್. ನಂದಿ 1,478. ಇಲ್ಲಿ ಮರಗಳ ನಡುವೆ ಹತ್ತಲು ಶುರುಮಾಡಿ, ಉಸಿರು ಹದಕ್ಕೆ ಬರುವಷ್ಟರಲ್ಲಿ ತುದಿ ಬಂದಿರುತ್ತದೆ. ಹತ್ತುವ ಕಾಲಿಗೆ ಹಸಿವು ಹಾಗೇ ಉಳಿಯುತ್ತದೆ. ಇದಕ್ಕೆ ಪರಿಹಾರ ಏನೂ ಸಿಕ್ಕಿಲ್ಲ.

ಆದರೆ ದಾರಿ ತಪ್ಪುವ ಭಯ ಇಲ್ಲದೆ ತಿರುಗುವ ಸುಖ ಇಲ್ಲಿ ಸಿಕ್ಕಿತು. ಸೈಕಲ್ ದಾರಿಗಳು ಕೂಡುವ ಕಡೆಯೆಲ್ಲ ಒಂದೊಂದು ನಂಬರ್ ಕೊಟ್ಟಿದ್ದಾರೆ. ಹೊರಡುವ ಮೊದಲು ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದುಕೊಂಡರೆ ಆಯಿತು, ಬಾಣದ ಗುರುತು ಹಿಡಿದು ಹೋಗುತ್ತಾ ಇರಬಹುದು. ಈ ಪದ್ಧತಿ ಹುಟ್ಟಿದ್ದು ಪಕ್ಕದ ಬೆಲ್ಜಿಯಂನಲ್ಲಿ. ಅದನ್ನು ಯೋಚಿಸಿದವರು ಹ್ಯೂಗೋ ಬೊಲ್ಲೆನ್, ಗಣಿ ಎಂಜಿನಿಯರ್ ಆಗಿದ್ದವರು. ನನ್ನ ಮೆಚ್ಚಿನ ದಾರಿ ಕ್ರೊಮ್ಮೆ ರೈನ್ ಹೊಳೆಯ ಪಕ್ಕದ್ದು. ಆಮೆಲಿಸ್‌ವೇರ್ಡ್ ಕಾಡು ದಾಟಿ, ರೈನೌವೆನ್ ಕೋಟೆಯ ಮಗ್ಗುಲಿಂದ, ವೈಕ್ ಬೈ ಡ್ಯೂರ್‌ಸ್ಟೆಡೆಯ ಗಾಳಿಗಿರಣಿಯವರೆಗೆ. ಆ ಕೋಟೆ ಹಳೆಯ ನೀರಿನ ರಕ್ಷಣಾ ಸಾಲಿಗೆ ಸೇರಿದ್ದು. ಶತ್ರು ಬಂದರೆ ಹೊಲಗಳಿಗೆ ನೀರು ಬಿಡುವುದು ಅವರ ಉಪಾಯವಾಗಿತ್ತು. ನಡೆದು ದಾಟಲು ಕಷ್ಟವಾಗುವಷ್ಟು ಆಳ, ದೋಣಿ ಓಡಲು ಸಾಲದಷ್ಟು ಕಡಿಮೆ. 2021ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಳಿಗಾಲ ಕಷ್ಟ. ಡಿಸೆಂಬರ್‌ನಲ್ಲಿ ಬೆಳಗಾಗುವುದು ಎಂಟೂಮುಕ್ಕಾಲಿಗೆ, ನಾಲ್ಕೂವರೆಗೆಲ್ಲ ಕತ್ತಲು. ಮಳೆ ಜೋರಾಗಿಯೂ ಬರುವುದಿಲ್ಲ, ನಿಲ್ಲುವುದೂ ಇಲ್ಲ. ಮನೆಯೊಳಗೆ ಒಬ್ಬನೇ ಕೂತರೆ ಮನಸ್ಸು ಭಾರವಾಗುತ್ತದೆ. ಹೊರಗೆ ಹೋಗಲೇಬೇಕಾದ ಒಂದು ನೆಪ ಇದ್ದದ್ದೇ ನನ್ನನ್ನು ಕಾಪಾಡಿತು. ಹಿಮ ಕಟ್ಟುವ ರಾತ್ರಿ ಸಣ್ಣ ಗಾಡಿಗಳು ಬಂದು ಸೈಕಲ್ ದಾರಿಗೆ ಉಪ್ಪು ಚೆಲ್ಲಿ ಹೋಗುತ್ತವೆ. ಬೆಳಿಗ್ಗೆ ಆ ಉಪ್ಪಿನ ಮೇಲೆ ಚಕ್ರ ಉರುಳುವಾಗ, ನಾನು ಜಾರಿ ಬೀಳಬಾರದು ಅಂತ ಯಾರೋ ರಾತ್ರಿಯೇ ಯೋಚಿಸಿದ್ದಾರಲ್ಲ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ಇದ್ದಷ್ಟು ದಿನ ಅವ್ವ ಫೋನ್ ಮಾಡಿದಾಗ ಮೊದಲು ಕೇಳುತ್ತಿದ್ದದ್ದು ಲಾರಿಗಳ ಬಗ್ಗೆ. ಇಲ್ಲಿಗೆ ಬಂದ ಮೇಲೂ ಬಹಳ ದಿನ ಅದೇ ಪ್ರಶ್ನೆ.

"ಅಲ್ಲೆ ಲಾರಿ ಭಾಳ ಓಡ್ಯಾಡ್ತಾವೇನು? ನೋಡ್ಕೊಂಡು ಹೊಡಿಯೋ ಯಪ್ಪಾ."

"ಇಲ್ಲೆ ಸೈಕಲ್ ದಾರಿನ ಬ್ಯಾರೆ ಐತಿ ಯವ್ವಾ."

ಆಮೇಲೆ ವಿಡಿಯೋದಲ್ಲಿ ಬೆಳಗಿನ ರಸ್ತೆ ತೋರಿಸಿದೆ. ಅವಳ ವಯಸ್ಸಿನ ಹೆಂಗಸರು ಸಂತೆ ಚೀಲ ಹಾಕಿಕೊಂಡು ಸೈಕಲ್ ಹೊಡೆಯುವುದನ್ನು ನೋಡಿದಳು. ಈಗ ಅವ್ವ ಕೇಳುವುದು ಊಟದ ಬಗ್ಗೆ. ನನ್ನ ಧೈರ್ಯದ ಬೆಲೆಯನ್ನು ಇಷ್ಟು ವರ್ಷ ಕಟ್ಟುತ್ತಿದ್ದದ್ದು ಅವಳು ಅಂತ ನನಗೆ ಆಗ ಅರ್ಥವಾಯಿತು.

ಅದಕ್ಕೇ "ನಿಮಗೆ ಧೈರ್ಯ ಜಾಸ್ತಿ" ಅನ್ನುವ ಮಾತು ಈಗ ನನಗೆ ಹೊಗಳಿಕೆಯಾಗಿ ಕೇಳುವುದಿಲ್ಲ. ಧೈರ್ಯ ಇದ್ದವರು ಮಾತ್ರ ಸೈಕಲ್ ಹೊಡೆಯುವ ಊರಿನಲ್ಲಿ ಮಕ್ಕಳು, ಅಜ್ಜಿಯರು, ಬಸುರಿಯರು ರಸ್ತೆಯಿಂದ ಹೊರಗೇ ಉಳಿದುಬಿಡುತ್ತಾರೆ. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ನಮ್ಮ ಕಡೆ ಎಷ್ಟೋ ಹುಡುಗಿಯರು ಪಕ್ಕದೂರಿನ ಹೈಸ್ಕೂಲಿಗೆ ಹೋಗಲು ಆದದ್ದೇ ಆ ಸೈಕಲ್ಲಿನಿಂದ. ಅದು ದೊಡ್ಡ ಕೆಲಸ. ಆದರೆ ಸೈಕಲ್ ಕೊಟ್ಟೆವು, ದಾರಿ ಕೊಡಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಮತ್ತು ಬಸ್ಸಿನ ನಡುವೆ ಆ ಮಕ್ಕಳನ್ನು ಅವರವರ ಧೈರ್ಯಕ್ಕೆ ಬಿಟ್ಟೆವು. ವಿಜಯಪುರ ಸಮತಟ್ಟಾದ ಊರು. ಪೇಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸೈಕಲ್ಲಿನಲ್ಲಿ ಆರಾಮಾಗಿ ಹೋಗಬಹುದು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಜನ ಹುಮ್ಮಸ್ಸಿನಿಂದಲೇ ಹತ್ತಿದರು. ನಮ್ಮ ಜನಕ್ಕೆ ಸೈಕಲ್ ಬೇಡ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 1971ರ ಡಚ್ಚರ ಹತ್ತಿರ ಇದ್ದದ್ದು ನಮ್ಮ ಹತ್ತಿರವೂ ಇದೆ: ಸಾಯುತ್ತಿರುವ ಮಕ್ಕಳು, ಸಿಟ್ಟಾಗಬೇಕಾದ ತಂದೆತಾಯಿ.

ನನ್ನ ಸಹೋದ್ಯೋಗಿಯ ಹೆಂಡತಿ ದಾವಣಗೆರೆಯವರು. ಸಣ್ಣವರಿದ್ದಾಗ ಸೈಕಲ್ ಕಲಿಯಲು ಬಿಟ್ಟಿರಲಿಲ್ಲವಂತೆ. ಇಲ್ಲಿ ಹೀಗೆ ಬಂದ ಹೆಂಗಸರಿಗೆ ಸೈಕಲ್ ಕಲಿಸುವ ತರಗತಿಗಳೇ ಇವೆ. ಅಲ್ಲಿಗೆ ಹೋಗುತ್ತಿದ್ದರು. ನಡುನಡುವೆ ನಾನೂ ಪಾರ್ಕಿನಲ್ಲಿ ಸೀಟು ಹಿಡಿದು ಹಿಂದೆ ಓಡಿದ್ದೇನೆ. ಮೂವತ್ತೈದು ದಾಟಿದ ಮೇಲೆ ಬ್ಯಾಲೆನ್ಸ್ ಕಲಿಯುವುದು ಸುಲಭ ಅಲ್ಲ, ಬಿದ್ದರೆ ಮಂಡಿಗಿಂತ ಮನಸ್ಸಿಗೆ ಜಾಸ್ತಿ ನೋವು. ಅವರು ಬಿಡಲಿಲ್ಲ. ಕಳೆದ ಶನಿವಾರ ಫ್ರೇಡೆನ್‌ಬುರ್ಖ್ ಸಂತೆಗೆ ಒಬ್ಬರೇ ಹೋಗಿ ಸೊಪ್ಪು, ಟೊಮೆಟೊ ತಂದರು. ಸಂಜೆ ಫೋನ್ ಬಂತು. ಸಂತೆಯ ವಿಷಯ ಒಂದೇ ಮಾತಿನಲ್ಲಿ ಮುಗಿಯಿತು.

"ಅಣ್ಣಾ, ಹಿಂದಿನ ಲೈಟು ಸೆಲ್ ಹಾಕೋದು ತಗೊಳ್ಳೋದಾ, ಚಾರ್ಜ್ ಮಾಡೋದಾ? ಸೋಮವಾರದಿಂದ ಮಗಳನ್ನ ಈಜು ಕ್ಲಾಸಿಗೆ ನಾನೇ ಕರ್ಕೊಂಡು ಹೋಗ್ತೀನಿ. ಬರೋವಾಗ ಕತ್ತಲಾಗಿರುತ್ತೆ."

ಚಾರ್ಜ್ ಮಾಡುವುದೇ ತಗೊಳ್ಳಿ ಅಂದೆ. ಮುಂದಿನದಕ್ಕೂ ಒಂದು ಸೇರಿಸಿ.